ಚಿತ್ರದುರ್ಗದಲ್ಲಿ ಮನೆ, ದಾವಣಗೆರೆಯಲ್ಲಿ ಕೆಲಸ: ದಿನಾ ಓಡಾಡಬಹುದಾ?

ವರ್ಷದ ಮಟ್ಟಿಗೆ ಆದೀತು, ಕಾಯಂ ಬೇಡ. ನನ್ನ ಪ್ರಕಾರ ಮನೆ ಬಾಗಿಲಿಂದ ಕೆಲಸದ ಬಾಗಿಲಿಗೆ, ಒಂದು ಕಡೆಗೆ, 45 ನಿಮಿಷ ಮಿತಿ.

ನಾವು ಎಡವುವುದು ಬಸ್ಸಿನೊಳಗಿನ ಹೊತ್ತನ್ನಷ್ಟೇ ಎಣಿಸಿದಾಗ. ಹೆದ್ದಾರಿ 48ರಲ್ಲಿ ಸುಮಾರು 60 ಕಿ.ಮೀ., ಸಲೀಸು ಅನ್ನಿಸುತ್ತದೆ. ಸ್ಟ್ಯಾಂಡಿಗೆ ಹೋಗಿ, ಕಾದು, ಇಳಿದು ಆಟೊ ಹಿಡಿಯುವುದನ್ನೂ ಸೇರಿಸಿದರೆ ಎರಡು ತಾಸಿಗೆ ಹತ್ತಿರ. ಹೋಗಿಬರಲು ನಾಲ್ಕು, ತಿಂಗಳಿಗೆ 25 ದಿನವೆಂದರೆ 100 ತಾಸು, ಅಂದರೆ ಎಂಟು ತಾಸಿನ 12 ಪಾಳಿಗಿಂತಲೂ ಹೆಚ್ಚು ದುಡಿಮೆ, ಸಂಬಳವಿಲ್ಲದೆ! ಉಳಿಯುವ ಬಾಡಿಗೆಯಲ್ಲಿ ಬಸ್ ಚಾರ್ಜು ಕಳೆದು 100ರಿಂದ ಭಾಗಿಸಿ. ಆ ಮೊತ್ತ ನಿಮ್ಮ ಒಂದು ತಾಸಿನ ಸಂಬಳಕ್ಕಿಂತ ಕಡಿಮೆಯಿದ್ದರೆ ದಾವಣಗೆರೆಯಲ್ಲೇ ಮನೆ ಹಿಡಿಯಿರಿ.

ರಸ್ತೆ ಚೆನ್ನಾಗಿದೆಯಲ್ಲ ಎನ್ನಬೇಡಿ. ಊರು, ವಾಹನ ಯಾವುದೇ ಇರಲಿ, ಜನ ಓಡಾಟಕ್ಕೆ ಕೊಡುವುದು ದಿನಕ್ಕೆ ಸರಾಸರಿ ಒಂದು ತಾಸು ಎಂದು ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಬರೆದರು. ವೇಗ ಹೆಚ್ಚಿದರೆ ಸಮಯ ಉಳಿಸುವುದಿಲ್ಲ, ಇನ್ನೂ ದೂರ ಹೋಗುತ್ತೇವೆ.

ಹರಿಹರದಿಂದ ಬರುವವರಿಗೆ ಈ ಲೆಕ್ಕವೇ ಬೇಕಿಲ್ಲ, 15 ಕಿ.ಮೀ. ಒಳಗೇ ಮುಗಿಯುತ್ತದೆ.