ಹೆಲ್ಮೆಟ್ ಒಳಗಿನ ಗಾಳಿಸದ್ದು: ತಪ್ಪು ಹೆಲ್ಮೆಟ್ಟಿನದೇ?

ಪ್ರಶ್ನೆ: ನನ್ನದು 350 ಸಿಸಿ ಬೈಕು. ಮುಂದೆ ಎತ್ತರದ ಗಾಜು ಹಾಕಿಸಿದ್ದೇನೆ. ವೇಗ ಎಂಬತ್ತು ದಾಟಿದರೆ ಸಾಕು, ಹೆಲ್ಮೆಟ್ ಒಳಗೆ ಗಾಳಿ ಭೋರೆಂದು ಮೊರೆಯುತ್ತದೆ. ಮೂರು ಗಂಟೆ ಓಡಿಸಿ ಇಳಿದರೆ ಕಿವಿಯಲ್ಲಿ ಗುಂಯ್‌ಗುಡುವುದು ರಾತ್ರಿ ಮಲಗುವವರೆಗೂ ನಿಲ್ಲುವುದಿಲ್ಲ. ಸದ್ದು ಕಡಿಮೆ ಇರುವ ಹೆಲ್ಮೆಟ್ ಕೊಳ್ಳೋಣವೆಂದರೆ, ಅಂಥದ್ದರಲ್ಲಿ ಗಾಳಿಯಾಡುವುದಿಲ್ಲ, ಬೆವರಿಳಿಯುತ್ತದೆ ಎಂದು ಗೆಳೆಯರು ಹೆದರಿಸುತ್ತಾರೆ. ಸದ್ದೂ ಇಲ್ಲದ, ಸೆಖೆಯೂ ಆಗದ ಹೆಲ್ಮೆಟ್ ಇದೆಯೇ? ಯಾವ ಕಂಪನಿಯದು ತೆಗೆದುಕೊಳ್ಳಲಿ?

ಉತ್ತರ: ಹೆಲ್ಮೆಟ್ ಮಾತು ಆಮೇಲೆ. ರಾತ್ರಿಯವರೆಗೂ ಕಿವಿ ಗುಂಯ್‌ಗುಡುತ್ತದೆ ಎಂದು ಬರೆದಿದ್ದೀರಲ್ಲ, ಆ ಸಾಲು ಓದಿ ನನಗೆ ಸಂಕಟವಾಯಿತು. ನಾನು ಬೈಕು ಓಡಿಸಲು ಶುರುಮಾಡಿ ಇಪ್ಪತ್ತನಾಲ್ಕು ವರ್ಷವಾಯಿತು. ಮೊದಲ ಹತ್ತು ವರ್ಷ ನನಗೂ ಹೀಗೇ ಆಗುತ್ತಿತ್ತು. ಬೆಳಗಾಗುವಷ್ಟರಲ್ಲಿ ಹೋಗುತ್ತದೆ ಎಂದು ಬಿಟ್ಟುಬಿಡುತ್ತಿದ್ದೆ. ಒಂದು ಬೆಳಗ್ಗೆ ಅದು ಹೋಗಲಿಲ್ಲ. ಈಗ ಎಡಗಿವಿಯಲ್ಲಿ ಜೀರುಂಡೆಯಂಥ ಸದ್ದು ಹಗಲೂ ರಾತ್ರಿ ಇದೆ. ಒಳಗಿವಿಯಲ್ಲಿ ಸದ್ದು ಹಿಡಿಯುವ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸಾಮಾನ್ಯ ಫುಲ್‌ಫೇಸ್ ಹೆಲ್ಮೆಟ್ ಒಳಗೆ ಸದ್ದು 95ರಿಂದ 105 ಡೆಸಿಬೆಲ್‌ವರೆಗೆ ಇರುತ್ತದೆ. ಕೆಲಸಗಾರರ ಕಿವಿಯ ರಕ್ಷಣೆಗೆಂದು ಅಮೆರಿಕದ ನಿಯೋಶ್ ಸಂಸ್ಥೆ ಹಾಕಿರುವ ಮಿತಿ ಇದು: 85 ಡೆಸಿಬೆಲ್ ಆದರೆ ದಿನಕ್ಕೆ 8 ಗಂಟೆ; ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಂತೆ ಹೊತ್ತು ಅರ್ಧಕ್ಕಿಳಿಯುತ್ತದೆ. ಲೆಕ್ಕ ಹಾಕಿ ನೋಡಿ, 100 ಡೆಸಿಬೆಲ್‌ಗೆ ಸಿಗುವುದು 15 ನಿಮಿಷ. ನೀವು ಮೂರು ಗಂಟೆ ಓಡಿಸುತ್ತಿದ್ದೀರಿ.

ಹಾಗಾಗಿ ಹೆಲ್ಮೆಟ್ ಯಾವಾಗ ಕೊಂಡರೂ ಸರಿ, ಸ್ಪಂಜಿನ ಇಯರ್‌ಪ್ಲಗ್ ಮಾತ್ರ ಈ ವಾರವೇ ತನ್ನಿ. ಬೆರಳಲ್ಲಿ ಹೊಸೆದು ಬತ್ತಿಯಷ್ಟು ತೆಳ್ಳಗೆ ಮಾಡಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿದು, ಬತ್ತಿಯನ್ನು ಒಳಗಿಟ್ಟು, ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳು ಒತ್ತಿಕೊಂಡಿರಿ. ಸುಮ್ಮನೆ ಕಿವಿಯ ಬಾಯಲ್ಲಿ ಸಿಕ್ಕಿಸಿಕೊಂಡರೆ ಪ್ರಯೋಜನವಿಲ್ಲ. ಸರಿಯಾಗಿ ಕೂತ ಪ್ಲಗ್ ತಗ್ಗಿಸುವಷ್ಟು ಸದ್ದನ್ನು ಯಾವ ದುಬಾರಿ ಹೆಲ್ಮೆಟ್ಟೂ ತಗ್ಗಿಸಲಾರದು. ಪೂರಾ ನಿಶ್ಶಬ್ದದ ಹೆಲ್ಮೆಟ್ ಎಂಬುದೇ ಇಲ್ಲ. ಗುಂಯ್ ಸದ್ದು ಮರುದಿನಕ್ಕೂ ಉಳಿಯತೊಡಗಿದರೆ ಕಿವಿ ವೈದ್ಯರ ಬಳಿ ಹೋಗುವುದನ್ನು ಮುಂದೂಡಬೇಡಿ.

ಇನ್ನು ನಿಮ್ಮ ಗಾಜಿನ ವಿಷಯ. ನನ್ನ ಗುಮಾನಿ ಇರುವುದು ಅದರ ಮೇಲೆಯೇ. ಗಾಳಿ ಗಾಜಿನ ಮೇಲಂಚು ದಾಟಿದ ಕೂಡಲೇ ಸುಳಿಸುಳಿಯಾಗಿ ಒಡೆಯುತ್ತದೆ. ಆ ಸುಳಿ ನೇರವಾಗಿ ಹೆಲ್ಮೆಟ್ಟಿಗೆ ಬಂದು ಬಡಿದರೆ ಎಂಥ ಒಳ್ಳೆಯ ಹೆಲ್ಮೆಟ್ಟೂ ತಮಟೆಯಾಗುತ್ತದೆ. ಪರೀಕ್ಷೆ ಸುಲಭ: ಮುಂದೆ ಹಿಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ, ಸದ್ದು ಶುರುವಾಗುವ ವೇಗದಲ್ಲೇ ಹೋಗುತ್ತಾ, ಫುಟ್‌ರೆಸ್ಟ್ ಮೇಲೆ ಕಾಲೂರಿ ಸೀಟಿನಿಂದ ಒಂದು ಗೇಣು ಮೇಲೇಳಿ. ಭೋರ್ಗರೆತ ಇಳಿದು ಬರಿಯ 'ಸೊಂಯ್' ಉಳಿದರೆ ತಪ್ಪು ಗಾಜಿನದು. ಹಾಗೇ ತಲೆ ತಗ್ಗಿಸಿ ಗಾಜಿನ ಮರೆಗೂ ಒಮ್ಮೆ ಹೋಗಿ ನೋಡಿ. ನಾನು ಈ ಪರೀಕ್ಷೆ ಮಾಡುವ ಮೊದಲೇ ಎರಡು ಹೆಲ್ಮೆಟ್ ಬದಲಿಸಿದ್ದೆ. ಕಡೆಗೆ ನಾಲ್ಕು ಬೋಲ್ಟ್ ಬಿಚ್ಚಿ ಗಾಜನ್ನೇ ತೆಗೆದಿಟ್ಟು ಓಡಿಸಿದ ದಿನ, ಎದೆಗೆ ಗಾಳಿ ಹೊಡೆಯಿತು, ಕಿವಿಗೆ ಮಾತ್ರ ಎಷ್ಟೋ ನೆಮ್ಮದಿ. ನನ್ನ ಗಾಜಿನ ಅಂಚು ಸರಿಯಾಗಿ ಮೂಗಿನ ಮಟ್ಟಕ್ಕಿತ್ತು. ಭುಜದ ಮಟ್ಟಕ್ಕೆ ಇಳಿಯುವ ಗಿಡ್ಡ ಗಾಜು ಹಾಕಿದ ಮೇಲೆ ತೊಂದರೆ ತೀರಿತು.

ಗಾಜು ಸರಿಯಾದ ಮೇಲೂ ಸದ್ದಿದ್ದರೆ, ಅದು ಎಲ್ಲಿಂದ ನುಗ್ಗುತ್ತಿದೆ ಎಂದು ಹುಡುಕಬೇಕು. ಬಹಳ ಜನ ಮುಖದ ಮುಂದಿನ ವೈಸರ್ ಮೇಲೆ, ಗಾಳಿಯಾಡಲು ಬಿಟ್ಟ ತೂತಾದ ವೆಂಟ್ ಮೇಲೆ ತಪ್ಪು ಹೊರಿಸುತ್ತಾರೆ. ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದವರು ವಿಂಡ್ ಟನೆಲ್‌ನಲ್ಲಿ, ಅಂದರೆ ಜೋರು ಗಾಳಿ ಬೀಸಿ ಪರೀಕ್ಷಿಸುವ ಸುರಂಗದಲ್ಲಿ, ಅಳೆದು ನೋಡಿದಾಗ ಸದ್ದಿನ ದೊಡ್ಡ ಮೂಲವಾಗಿ ಕಂಡದ್ದು ಹೆಲ್ಮೆಟ್ಟಿನ ಅಡಿ, ಗಲ್ಲದ ಕೆಳಗಿನ ಜಾಗ. ಕತ್ತಿನ ಸುತ್ತ ಸಂದು ಬಿಟ್ಟರೆ ಗಾಳಿ ಅಲ್ಲಿ ಮೊರೆದು ಕಿವಿಗೆ ಏರುತ್ತದೆ. ತೆಳು ಬಟ್ಟೆಯೊಂದನ್ನು ಕತ್ತಿಗೆ ಸುತ್ತಿ, ತುದಿಯನ್ನು ಜಾಕೆಟ್ಟಿನೊಳಗೆ ಭದ್ರವಾಗಿ ತುರುಕಿ ಓಡಿಸಿ ನೋಡಿ. ವ್ಯತ್ಯಾಸ ಅಲ್ಲೇ ತಿಳಿಯುತ್ತದೆ.

ಅಂಗಡಿಗೆ ಹೋದಾಗಲೂ ನಿಮ್ಮ ಕಣ್ಣು ಮೊದಲು ಹೋಗಬೇಕಾದದ್ದು ಈ ಕೆಳಭಾಗಕ್ಕೇ. ಕತ್ತಿನ ಸುತ್ತ ದಪ್ಪ ಮೆತ್ತೆ ಇರಬೇಕು, ಕೆನ್ನೆಯ ಪ್ಯಾಡು ದವಡೆಯ ಕೆಳಗಿನವರೆಗೂ ಬರಬೇಕು, ಗಲ್ಲದ ಅಡಿಗೆ ಸಿಕ್ಕಿಸುವ ಪರದೆ ಜೊತೆಯಲ್ಲಿ ಬಂದರೆ ಒಳ್ಳೆಯದು. ತಲೆಯ ಅಳತೆಯನ್ನು ಹುಬ್ಬಿನ ಮೇಲೆ, ಹಿಂದಲೆಯ ಅತಿ ಉಬ್ಬಿದ ಜಾಗ ಬಳಸಿ ಟೇಪಿನಲ್ಲಿ ತೆಗೆಯಿರಿ. ಆದರೆ ಅಳತೆ ಅರ್ಧ ಕತೆ ಮಾತ್ರ. 58 ಸೆಂಟಿಮೀಟರ್ ಸುತ್ತಳತೆಯ ಇಬ್ಬರಲ್ಲಿ ಒಬ್ಬರ ತಲೆ ಉದ್ದುದ್ದ, ಇನ್ನೊಬ್ಬರದು ಗುಂಡು. ಒಂದೇ ಹೆಲ್ಮೆಟ್ ಇಬ್ಬರಿಗೂ ಕೂರುವುದಿಲ್ಲ. ಹಾಕಿಕೊಂಡು ಅರ್ಧ ಗಂಟೆ ಅಂಗಡಿಯಲ್ಲೇ ಕೂತುಬಿಡಿ. ತೆಗೆದಾಗ ಹಣೆಯಲ್ಲಿ ಒಂದೇ ಕಡೆ ಕೆಂಪಗೆ ಗುರುತು ಬಿದ್ದಿದ್ದರೆ ಆಕಾರ ನಿಮ್ಮದಲ್ಲ. ಹೆಲ್ಮೆಟ್ ಹಿಡಿದು ಅತ್ತಿತ್ತ ತಿರುಗಿಸಿದರೆ ಕೆನ್ನೆಯ ಚರ್ಮವೂ ಅದರ ಜೊತೆ ಬರಬೇಕು. ಬರಿಯ ಹೆಲ್ಮೆಟ್ ತಿರುಗಿದರೆ ಸಡಿಲ ಎಂದರ್ಥ. ಸಡಿಲವಿದ್ದಲ್ಲಿ ಸದ್ದೂ ಇರುತ್ತದೆ, ಬಿದ್ದಾಗ ರಕ್ಷಣೆಯೂ ಇರುವುದಿಲ್ಲ. ಹೊಸ ಪ್ಯಾಡು ಓಡಿಸುತ್ತಾ ಸ್ವಲ್ಪ ಕುಗ್ಗುತ್ತದೆ, ಹಾಗಾಗಿ ಕೆನ್ನೆಗೆ ತುಸು ಬಿಗಿಯೆನಿಸುವುದನ್ನೇ ಆರಿಸಿ.

ಗಾಳಿಯಾಡುವ ವಿಷಯದಲ್ಲಿ ನಿಮ್ಮ ಗೆಳೆಯರ ಮಾತು ಅರ್ಧ ನಿಜ. ಹೊರಗೆ ಎಷ್ಟು ತೂತಿದೆ ಎಂದು ಎಣಿಸಬೇಡಿ. ಒಳಗಿನ ಬಟ್ಟೆ ತೆಗೆಸಿ ಥರ್ಮಾಕೋಲ್ ನೋಡಿ. ಹಣೆಯ ವೆಂಟಿನ ತೂತು ಥರ್ಮಾಕೋಲ್ ದಾಟಿ ಒಳಬಂದಿದೆಯೇ? ಅಲ್ಲಿಂದ ನೆತ್ತಿಯ ಮೇಲೆ ಹಿಂದಕ್ಕೆ ಕಾಲುವೆ ಕೊರೆದಿದ್ದಾರೆಯೇ? ಹಿಂದೆ ಹೊರಹೋಗಲು ದಾರಿಯಿದೆಯೇ? ಓಡುವಾಗ ಹೆಲ್ಮೆಟ್ಟಿನ ಹಿಂಭಾಗದಲ್ಲಿ ಒತ್ತಡ ಕಡಿಮೆಯಾಗುತ್ತದೆ, ಅದೇ ಬಿಸಿಗಾಳಿಯನ್ನು ಹೊರಗೆ ಹೀರುತ್ತದೆ. ಹೊರಹೋಗುವ ದಾರಿ ಇಲ್ಲದೆ ಮುಂದೆ ಎಷ್ಟು ತೂತಿದ್ದರೂ ದಂಡ. ವೆಂಟಿನ ಮುಚ್ಚಳ ಚಿಪ್ಪಿಗೆ ಅಂಟಿದಂತೆ ಸಪಾಟಾಗಿರಲಿ; ಕೊಂಬು, ರೆಕ್ಕೆ, ಮುಂದೆ ಚಾಚಿದ ಟೋಪಿಯಂಚು ಇದ್ದರೆ ಗಾಳಿ ಅಲ್ಲಿ ಕೂಗುತ್ತದೆ.

ಗಲ್ಲದ ಪರದೆಯದ್ದೊಂದು ನಿಜವಾದ ಇಕ್ಕಟ್ಟು. ಅದು ಸದ್ದು ತಡೆಯುತ್ತದೆ, ಉಸಿರಿನ ಬಿಸಿಯನ್ನೂ ತಡೆದಿಡುತ್ತದೆ. ನಾನು ಹೆದ್ದಾರಿಗೆ ಹಾಕುತ್ತೇನೆ, ನಿಧಾನದ ದಟ್ಟಣೆಗೆ ಕಿತ್ತು ಜೇಬಿಗಿಡುತ್ತೇನೆ. ನಡಿಗೆಯ ವೇಗದಲ್ಲಿ ಯಾವ ವೆಂಟೂ ಕೆಲಸ ಮಾಡುವುದಿಲ್ಲ, ವೈಸರ್ ಒಂದು ಹಲ್ಲು ಎತ್ತುವುದೇ ದಾರಿ. ಸದ್ದು ಕಡಿಮೆಯಾಗಲೆಂದು ಬಿರುಬಿಸಿಲಲ್ಲಿ ವೆಂಟು ಮುಚ್ಚಿಕೊಂಡು ಮಾತ್ರ ಓಡಿಸಬೇಡಿ. ತಲೆ ಕಾದರೆ ಗಮನ ತಪ್ಪುತ್ತದೆ. ವೆಂಟು ತೆರೆದಿಡಿ, ಸದ್ದನ್ನು ಪ್ಲಗ್ಗಿಗೆ ಬಿಡಿ.

ಕಂಪನಿ ಕೇಳಿದಿರಿ. ಸದ್ದು ತಗ್ಗಿಸುವುದರಲ್ಲಿ ಶುಬೆರ್ತ್, ಶೋಯಿ ಹೆಸರು ಮಾಡಿವೆ. ಎರಡೂ ಸ್ವಂತ ವಿಂಡ್ ಟನೆಲ್ ಇಟ್ಟುಕೊಂಡಿವೆ. ಗಲ್ಲ ಮೇಲೆತ್ತುವ ಹೆಲ್ಮೆಟ್ಟಿನಲ್ಲಿ ಸದ್ದು ಹೆಚ್ಚು ಎನ್ನುವ ಮಾತಿದ್ದರೂ, ಇವರ ಸಿ5, ನಿಯೋಟೆಕ್ ಅದೇ ಜಾತಿಯವಾಗಿದ್ದೂ ಮೆಲುದನಿಯವು. ಆದರೂ ನಿಮ್ಮ ತಲೆಗೆ ಕೂರದ ಶುಬೆರ್ತ್‌ಗಿಂತ ಕೂರುವ ಸಾಧಾರಣ ಹೆಲ್ಮೆಟ್ಟೇ ನಿಮಗೆ ಮೌನ. ಇಸಿಇ 22.06ರಂಥ ಸುರಕ್ಷತಾ ಗುರುತು ಇಲ್ಲದ್ದನ್ನು ಎಷ್ಟೇ ಮೌನವಾಗಿದ್ದರೂ ಮುಟ್ಟಬೇಡಿ.

ಪ್ರಶ್ನೆ: ಇಯರ್‌ಪ್ಲಗ್ ಹಾಕಿದರೆ ಹಿಂದಿನ ವಾಹನದ ಹಾರ್ನ್ ಕೇಳಿಸುವುದೇ?

ಉತ್ತರ: ಕೇಳಿಸುತ್ತದೆ. ವೇಗದಲ್ಲಿ ಹಾರ್ನನ್ನು ಮುಳುಗಿಸುವುದು ಗಾಳಿಯ ಭೋರ್ಗರೆತ. ಪ್ಲಗ್ಗು ಗಾಳಿಯನ್ನೂ ಹಾರ್ನನ್ನೂ ಒಟ್ಟಿಗೇ ತಗ್ಗಿಸುತ್ತದೆ. ಅಬ್ಬರ ಇಳಿದಾಗ ಹಾರ್ನ್ ಬೇರೆಯಾಗಿ ಕಿವಿಗೆ ಬೀಳುತ್ತದೆ. ಊರೊಳಗಿನ ನಿಧಾನ ಓಡಾಟಕ್ಕೆ ಪ್ಲಗ್ ಬೇಡ. ಕೆಲವು ಕಡೆ ಓಡಿಸುವಾಗ ಕಿವಿ ಮುಚ್ಚುವುದಕ್ಕೆ ಕಾನೂನಿನ ಅಡ್ಡಿಯಿದೆ, ನಿಮ್ಮಲ್ಲಿ ಹೇಗೆಂದು ವಿಚಾರಿಸಿಕೊಳ್ಳಿ.

ಪ್ರಶ್ನೆ: ಎರಡು ವರ್ಷ ಸುಮ್ಮನಿದ್ದ ಹೆಲ್ಮೆಟ್ ಈಗ ಸಿಳ್ಳೆ ಹೊಡೆಯುತ್ತಿದೆ. ಯಾಕೆ?

ಉತ್ತರ: ವೈಸರ್ ಸುತ್ತಲಿನ ರಬ್ಬರು ಒಣಗಿರಬೇಕು. ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿ, ಆರಿದ ಮೇಲೆ ತೆಳ್ಳಗೆ ಸಿಲಿಕೋನ್ ಎಣ್ಣೆ ಸವರಿ. ವೈಸರ್ ಮುಚ್ಚಿ ಅಂಚಿನಲ್ಲಿ ಕಾಗದದ ಚೂರು ಸಿಕ್ಕಿಸಿ ಎಳೆಯಿರಿ. ಎಲ್ಲಿ ಸಲೀಸಾಗಿ ಜಾರಿ ಬರುತ್ತದೋ ಸಂದು ಅಲ್ಲಿದೆ. ಪಕ್ಕದ ತಿರುಪು ಸಡಿಲಿಸಿ ವೈಸರನ್ನು ಹಿಂದಕ್ಕೆ ಸರಿಸುವ ಸೌಲಭ್ಯ ಕೆಲವದರಲ್ಲಿದೆ. ವೆಂಟಿನ ಗುಬುಟು ಅರ್ಧಕ್ಕೆ ನಿಂತಿದೆಯೇ ಎಂದೂ ನೋಡಿ, ಅರ್ಧ ತೆರೆದ ವೆಂಟು ಕೊಳಲಿನಂತೆ ಕೂಗುತ್ತದೆ.