ಗ್ರೋತ್ ಫ್ಯಾಕ್ಟರ್ ಜೆಲ್ ಹಚ್ಚಿದರೂ ಗಾಯ ಯಾಕೆ ಮಾಯುತ್ತಿಲ್ಲ?

ಕೋಲಾರದ ಟೊಮೆಟೊ ತೋಟದಲ್ಲಿ ಕಡ್ಡಿ ಚುಚ್ಚಿ, ಸಕ್ಕರೆ ಕಾಯಿಲೆಯಿರುವ ನಿಮ್ಮ ತಂದೆಯ ಅಂಗಾಲಿಗಾದ ಗಾಯದ ಬಗ್ಗೆ ಕೇಳಿದ್ದೀರಿ. ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ಪಿಡಿಜಿಎಫ್ ಎಂಬ ಗ್ರೋತ್ ಫ್ಯಾಕ್ಟರ್ (ಜೀವಕೋಶಗಳ ಬೆಳವಣಿಗೆಗೆ ಸೂಚನೆ ಕೊಡುವ ಪ್ರೋಟೀನ್) ಬಿಡುತ್ತವೆ. ಅದರ ಕರೆಗೆ ಕೊಲಾಜೆನ್ ನೇಯುವ ಜೀವಕೋಶಗಳು ಬರುತ್ತವೆ. ಇಂಥದ್ದೇ ಇನ್ನೆರಡರಲ್ಲಿ ವಿಇಜಿಎಫ್ ಹೊಸ ರಕ್ತನಾಳ ಚಿಗುರಿಸುತ್ತದೆ, ಇಜಿಎಫ್ ಅಂಚಿನಿಂದ ಚರ್ಮ ಹಬ್ಬಿಸುತ್ತದೆ. ಹಳೆಯ ಗಾಯದ ರಸಿಕೆಯಲ್ಲಿರುವ ಕಿಣ್ವಗಳು ಈ ಗ್ರೋತ್ ಫ್ಯಾಕ್ಟರ್‌ಗಳನ್ನೇ ಕತ್ತರಿಸಿ ಹಾಕುತ್ತವೆ. ಹಾಗಾಗಿ ಸತ್ತ ಚರ್ಮವನ್ನೂ ಅಂಚಿನ ದಡ್ಡನ್ನೂ ಮೊದಲು ವೈದ್ಯರಿಂದ ತೆಗೆಸಲೇಬೇಕು. ಬಿಳಿ ಪೊರೆಯ ಮೇಲೆ ಹಚ್ಚಿದ್ದು ದಂಡ. 0.01% ಬೆಕಾಪ್ಲರ್ಮಿನ್ (ಪಿಡಿಜಿಎಫ್ ಇರುವ ಜೆಲ್) ದಿನಕ್ಕೊಮ್ಮೆ, ಸುಮಾರು 1.5 ಮಿ.ಮೀ. ದಪ್ಪ ಹಚ್ಚಿ, 12 ಗಂಟೆಯ ನಂತರ ಸಲೈನ್‌ನಲ್ಲಿ ತೊಳೆದು ಒದ್ದೆ ಗಾಜ್ ಕಟ್ಟಿ. ಟ್ಯೂಬ್ ಫ್ರಿಜ್‌ನಲ್ಲಿರಲಿ, ಫ್ರೀಜರ್‌ನಲ್ಲಿ ಬೇಡ. ಆ ಕಾಲೂರಿ ನಡೆಯಬಾರದು. ಪಾದಕ್ಕೆ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ಡಾಪ್ಲರ್ ಮಾಡಿಸಿ. 10 ವಾರದಲ್ಲಿ ಗಾಯ ಶೇ. 30ರಷ್ಟಾದರೂ ಕುಗ್ಗದಿದ್ದರೆ ಜೆಲ್ ಮುಂದುವರಿಸಬೇಕೇ ಎಂದು ವೈದ್ಯರನ್ನು ಕೇಳಿ.