ಎಫ್‌ಎಂನಲ್ಲಿ ಅದೇ ಹಾಡು ಯಾಕೆ ಮತ್ತೆ ಮತ್ತೆ ಬರುತ್ತೆ?

ದಿನಕ್ಕೆ ನಾಲ್ಕು ಸಲ ಒಂದೇ ಹಾಡು ಹಾಕಿದ್ರೆ ಕೇಳುಗರು ಓಡಿಹೋಗಲ್ವಾ ಅಂತ ಕೇಳಿದ್ದೀರಿ. ಬೆಂಗಳೂರಿನ ಒಂದು ಖಾಸಗಿ ಎಫ್‌ಎಂನಲ್ಲಿ ಕೆಲವು ವರ್ಷ ಹಾಡಿನ ಪಟ್ಟಿ ಮಾಡೋ ಕೆಲಸದಲ್ಲಿದ್ದೆ. ನಾನು ಕಂಡಂತೆ, ಅದೇ ಹಾಡು ಬಂತು ಅಂತ ಸ್ಟೇಷನ್ ಬದಲಾಯಿಸೋರು ಕಮ್ಮಿ. ಗೊತ್ತಿಲ್ಲದ ಹಾಡು ಬಂದ್ರೆ ಬದಲಾಯಿಸೋರೇ ಜಾಸ್ತಿ.

ಯಾರೂ ದಿನವಿಡೀ ರೇಡಿಯೊ ಮುಂದೆ ಕೂತಿರಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಅರ್ಧ ಗಂಟೆ, ಇಲ್ಲಾ ಒಲೆ ಮೇಲೆ ಸಾರು ಕುದಿಯೋಷ್ಟು ಹೊತ್ತು. ಅಷ್ಟರಲ್ಲಿ ಬಾಯಿಗೆ ಬರೋ ಹಾಡು ಒಂದಾದರೂ ಸಿಗಬೇಕು. ಹೊಸ ಹಾಡನ್ನ ಎರಡು ಹಿಟ್‌ಗಳ ಮಧ್ಯೆ ತೂರಿಸ್ತಿದ್ವಿ, ಬಾಳೆಹಣ್ಣಲ್ಲಿ ಮಾತ್ರೆ ಇಟ್ಟು ಮಗುವಿಗೆ ತಿನ್ನಿಸೋ ಹಾಗೆ.

ಮೊದಲು ಬೇಜಾರಾಗೋದು ಆಫೀಸಿನವರಿಗೆ. ದಿನಕ್ಕೆ ಎಂಟು ಗಂಟೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿದು, ಒಂದು ಸಲ ಒಂದು ಹಾಡನ್ನ ನಾನೇ ಪಟ್ಟಿಯಿಂದ ಕಿತ್ತು ಹಾಕಿದೆ. ಎರಡೇ ದಿನಕ್ಕೆ ಪೀಣ್ಯದ ಗಾರ್ಮೆಂಟ್ಸಿಂದ ಒಬ್ಬರು ಫೋನ್ ಮಾಡಿದ್ರು: "ಸಾರ್, ಈಗಷ್ಟೇ ಪೂರ್ತಿ ಕಲಿತಿದ್ದೆ, ಎಲ್ಲೋಯ್ತು ಆ ಹಾಡು?" ಸಂಜೆಗೇ ವಾಪಸ್ ಹಾಕಿದೆ.

ಕೇಳುಗರ ಕೈ ಬಟನ್ನಿಗೆ ಹೋಗೋದು ಜಾಹೀರಾತು ಬಂದಾಗ. ದೀಪಾವಳಿ ಹೊತ್ತಿಗಂತೂ ಸೇಲ್ಸ್‌ನವರಿಗೂ ನಮಗೂ ದಿನಾ ಜಗಳ. ಆಗ ಬೆಂಗಳೂರೂ ಸೇರಿ ನಾಲ್ಕು ಮಹಾನಗರಗಳಲ್ಲಿ 'ರ‍್ಯಾಮ್' ಸಮೀಕ್ಷೆ ಇತ್ತು. ಆಯ್ದ ಮನೆಗಳವರು ಯಾವ ಹೊತ್ತಲ್ಲಿ ಯಾವ ಸ್ಟೇಷನ್ ಕೇಳಿದ್ವಿ ಅಂತ ಡೈರೀಲಿ ಕಾಲು ಗಂಟೆ ಲೆಕ್ಕದಲ್ಲಿ ಗುರುತು ಹಾಕಬೇಕಿತ್ತು. ಅದಕ್ಕೇ ಕಾಲು ಗಂಟೆ ಮುಗಿಯೋ ಹೊತ್ತಿಗೆ ಜಾಹೀರಾತು ಬರದ ಹಾಗೆ ನೋಡ್ಕೋತಿದ್ವಿ. ಆ ಗೆರೆ ದಾಟುವಾಗ ಹಾಡು ಓಡ್ತಾ ಇದ್ರೆ ಒಬ್ಬರಿಂದಲೇ ಎರಡು ಗುರುತು!

ಭಾಷೆ ವಿಷಯಾನೂ ಇದೆ. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಗಿದ್ದು ಬೆಂಗಳೂರಲ್ಲೇ, ಆದರೆ ಆಗ ಹಿಂದಿ, ಇಂಗ್ಲಿಷ್ ಹಾಡುಗಳದ್ದೇ ಅಬ್ಬರ. ಪೈಪೋಟಿ ಹೆಚ್ಚಾದ ಮೇಲೆ ಹಲವು ಸ್ಟೇಷನ್‌ಗಳು ಕನ್ನಡಕ್ಕೆ ಹೊರಳಿದ್ವು. ಅಭಿಮಾನಕ್ಕಿಂತ ಲೆಕ್ಕಾಚಾರವೇ ಜಾಸ್ತಿ ಅನ್ನೋದು ನನ್ನ ಗುಮಾನಿ.

ಈಗ ಪಟ್ಟಿ ಎಷ್ಟೇ ಚೆನ್ನಾಗಿ ಮಾಡಿದ್ರೂ ತಡೆಯೋಕಾಗದ ನಷ್ಟ ಒಂದಿದೆ. ಫೋನಲ್ಲಿ ಎಫ್‌ಎಂಗೆ ಇಯರ್‌ಫೋನ್ ವೈರೇ ಆಂಟೆನಾ. ಎಷ್ಟೋ ಫೋನ್‌ಗಳಲ್ಲಿ ಈಗ ವೈರ್ ಚುಚ್ಚೋ ತೂತೇ ಇಲ್ಲ. ಫೋನ್‌ಗಳಲ್ಲಿ ಎಫ್‌ಎಂ ಸೌಲಭ್ಯ ಆಫ್ ಮಾಡಿಡಬೇಡಿ ಅಂತ 2023ರಲ್ಲಿ ಕೇಂದ್ರ ಐಟಿ ಸಚಿವಾಲಯ ಕಂಪನಿಗಳಿಗೆ ಹೇಳಬೇಕಾಯ್ತು. ನನ್ನ ಫೋನಲ್ಲಂತೂ ಇಲ್ಲ.

ಅಮ್ಮನ ಕೀಪ್ಯಾಡ್ ಫೋನಲ್ಲಿದೆ. 102.9 ವಿವಿಧ ಭಾರತಿ ಹಾಕ್ಕೊಂಡೇ ಸೊಪ್ಪು ಬಿಡಿಸ್ತಾರೆ. ನಮ್ಮ ಸ್ಟೇಷನ್ ಹಾಕಮ್ಮಾ ಅಂತ ಅಷ್ಟು ವರ್ಷ ಗೋಗರೆದೆ, ಒಂದು ದಿನಾನೂ ಹಾಕಲಿಲ್ಲ.